ಮೂರನೇ ಶೆಡ್ಡಿನ ಪೈಪುಗಳು

ಡಾಕ್ಟರು ಅಪ್ಪನ ಎದೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಅದನ್ನು ಮೇಜಿನ ಮೇಲಿಟ್ಟು ನನ್ನ ಕೈ ನೋಡಿದರು. ಎಷ್ಟು ಉಜ್ಜಿದರೂ ಹೋಗದ ಮರದ ಪುಡಿ ಉಗುರಿನ ಸಂದಿಯಲ್ಲಿ ಕೂತಿತ್ತು.

"ಮನೇಲೇ ಕೆಲಸ ಮಾಡ್ತೀರಾ?"

"ಹೌದು ಡಾಕ್ಟ್ರೇ. ಇವರು ಮಲಗೋ ಕೋಣೆ ಗೋಡೆ ಆಚೆಗೇ ನನ್ನ ಮಿಷನ್ನು."

"ಹಾಗಾದ್ರೆ ಇವರಾದ್ರೂ ಬೇರೆ ಕಡೆ ಹೋಗ್ಬೇಕು, ಇಲ್ಲ ಧೂಳಾದ್ರೂ ಹೋಗ್ಬೇಕು. ಇಬ್ಬರನ್ನೂ ಒಂದೇ ಸೂರಿನ ಕೆಳಗೆ ಇಟ್ಕೊಂಡ್ರೆ ಗೆಲ್ಲೋದು ಧೂಳೇ."

ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, "ಧೂಳಿಗೆ ಹೆದರೋ ಬಡಗಿ, ನೀರಿಗೆ ಹೆದರೋ ಮೀನು" ಎಂದು ಗೊಣಗಿದ. ಆ ನಾಲ್ಕು ಮಾತು ಆಡುವುದರೊಳಗೆ ಅವನಿಗೆ ಎರಡು ಸಲ ಉಸಿರು ಕಟ್ಟಿತು.

ಅಪ್ಪನನ್ನು ಎಲ್ಲರೂ ಕರೆಯುವುದು ಫೋರ್‌ಮನ್ ಎಂದು. ಊರ ಹೊರಗಿನ ಮೇಜು ಕುರ್ಚಿ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಅವನು ಫೋರ್‌ಮನ್ ಆಗಿದ್ದ. ಕೆಲಸ ಬಿಟ್ಟ ಮೇಲೂ ಹೆಸರು ಮಾತ್ರ ಮೈಗಂಟಿಕೊಂಡಿತು. ಬಂದ ಹಣದಲ್ಲಿ ಮನೆಯ ಹಿಂದಿನ ಜಾಗಕ್ಕೆ ಶೀಟು ಹೊದಿಸಿ ಒಂದು ಗರಗಸದ ಮೇಜು ತಂದು ಹಾಕಿದ. ಗಂಡು ಮಕ್ಕಳಿರಲಿಲ್ಲ, ನಾನೊಬ್ಬಳೇ. ಹತ್ತರಿ ಹಿಡಿಯುವುದು, ಮರದ ನಾರು ಯಾವ ಕಡೆಗೆ ಓಡುತ್ತದೆ ಎಂದು ಬೆರಳಿನಿಂದ ಮುಟ್ಟಿ ಹೇಳುವುದು, ಎಲ್ಲ ಅವನೇ ಕಲಿಸಿದ. ಈಗ ನನಗೆ ನಲವತ್ತು ದಾಟಿದೆ. ಬಾಗಿಲು, ಕಪಾಟು, ಅಡುಗೆಮನೆಯ ಮರದ ಕೆಲಸ, ಸಿಕ್ಕಿದ್ದನ್ನೆಲ್ಲ ಮಾಡುತ್ತೇನೆ. ಅಮ್ಮ ಇರುವವರೆಗೆ ದಿನಕ್ಕೆ ಮೂರು ಸಲ ಒದ್ದೆ ಬಟ್ಟೆ ಹಿಡಿದು ಪಾತ್ರೆಗಳ ಮೇಲಿನ ಪುಡಿ ಒರೆಸುತ್ತಿದ್ದಳು. ಅವಳು ಹೋದ ಮೇಲೆ ಒರೆಸುವವರಿಲ್ಲ.

ಅಂಗಡಿ ಖಾಲಿ ಮಾಡುತ್ತಿದ್ದ ಒಬ್ಬರಿಂದ ಧೂಳು ಎಳೆಯುವ ಹಳೆಯ ಬ್ಲೋಯರ್ ಒಂದು ಸಿಕ್ಕಿತು. ಆಳೆತ್ತರದ ಡ್ರಮ್ಮು, ಮೇಲೆ ಮೋಟರು, ಪಕ್ಕದಲ್ಲಿ ಬಟ್ಟೆಯ ಚೀಲ. ಅದನ್ನು ಹಿತ್ತಲಲ್ಲಿ ನಿಲ್ಲಿಸಿದ ಮೇಲೆ ಗೊತ್ತಾಯಿತು, ನಾನು ತಂದಿರುವುದು ಗಂಟಲಿಲ್ಲದ ಬಾಯಿ ಎಂದು. ಗರಗಸದ ಮೇಜು, ಹಲಗೆ ಹೆರೆಯುವ ರಂದಾ ಮಿಷನ್ನು, ಉಜ್ಜಿ ನುಣುಪು ಮಾಡುವ ಸ್ಯಾಂಡಿಂಗ್ ಮಿಷನ್ನು, ಈ ಮೂರರಿಂದ ಬ್ಲೋಯರಿನವರೆಗೆ ಪೈಪು ಎಳೆಯಬೇಕು. ಹೊಸ ಪೈಪಿನ ಬೆಲೆ ಕೇಳಿದರೆ ಬ್ಲೋಯರ್ರೇ ವಾಸಿ ಅನ್ನಿಸಿತು. ಮೂಗಿಗಿಂತ ಮೂಗುತಿ ಭಾರ.

ಹಾಗಾಗಿ ತಗಡಿನ ಮಾಮನ ಹತ್ತಿರ ಹೋದೆ.

ಅವನು ಸಂಬಂಧದಲ್ಲಿ ಮಾಮನಲ್ಲ. ಅಪ್ಪನ ಸ್ನೇಹಿತ, ಅಪ್ಪನಿಗಿಂತ ಹತ್ತು ವರ್ಷ ಚಿಕ್ಕವನು. ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವನ ಅಂಗಡಿ. ನೀರಿನ ಡಬ್ಬ, ಹೊಗೆ ಕೊಳವೆ, ಸೂರಿನಡಿಯ ಮಳೆನೀರಿನ ದೋಣಿ, ಏನು ಹೇಳಿದರೂ ತಗಡಿನಲ್ಲಿ ಬಗ್ಗಿಸಿಕೊಡುತ್ತಾನೆ. ಮೂವತ್ತು ವರ್ಷದಿಂದ ಪ್ರತಿ ಭಾನುವಾರ ಸಂಜೆ ನಮ್ಮ ಮನೆಗೆ ಬಂದು ಅಪ್ಪನ ಜೊತೆ ಇಸ್ಪೀಟು ಆಡುವುದು, ಎರಡು ಲೋಟ ಚಹಾ ಕುಡಿಯುವುದು ಅವನ ವಾಡಿಕೆ. ಸೋತರೂ ಗೆದ್ದರೂ "ಫೋರ್‌ಮನ್ನರು ಎಲೆ ಕಲಸೋದೂ ಓವರ್‌ಟೈಮ್ ಲೆಕ್ಕದಲ್ಲೇ" ಎಂದು ಅದೇ ಹಳೆಯ ಹಾಸ್ಯ ಮಾಡುತ್ತಿದ್ದ. ಅಪ್ಪ ಅದಕ್ಕೆ ಪ್ರತಿ ಸಲವೂ ನಗುತ್ತಿದ್ದ.

ಅವನು ಬಂದು ಅಳತೆ ತೆಗೆದುಕೊಂಡ. ಸೀಮೆಸುಣ್ಣದಿಂದ ಗೋಡೆಯ ಮೇಲೆ ಪೈಪು ಹೋಗುವ ದಾರಿ ಗೀಚಿದ.

"ಪ್ಲಾಸ್ಟಿಕ್ ಪೈಪ್ ಹಾಕ್ಬಿಡೋಣ್ವಾ ಮಾಮ? ಅಗ್ಗ ಅಲ್ವಾ?"

"ಹಾಕ್ಬೋದು. ಒಣ ಪುಡಿ ಒಳಗೆ ಓಡ್ತಾ ಇದ್ರೆ ಪ್ಲಾಸ್ಟಿಕ್‌ನಲ್ಲಿ ಕರೆಂಟ್ ಹುಟ್ಟುತ್ತೆ ಪುಟ್ಟಿ. ಕೈ ತಗುಲಿದ್ರೆ ಚುರುಕ್ ಅನ್ನುತ್ತೆ. ಗರಗಸದ ಮುಂದೆ ನಿಂತಾಗ ಚುರುಕ್ ಅಂದ್ರೆ ಬೆರಳು ಎಲ್ಲಿ ಹೋಗುತ್ತೋ ದೇವರೇ ಬಲ್ಲ. ತಗಡೇ ಒಳ್ಳೇದು. ಗುಜರಿಯಲ್ಲಿ ಹಳೇದು ಸಿಗುತ್ತಾ ನೋಡೋಣ, ತೂಕದ ಲೆಕ್ಕದಲ್ಲಿ ಕೊಡ್ತಾರೆ."

ಅಪ್ಪ ಒಳಗಿನಿಂದಲೇ, "ಅಗ್ಗ ಅಂತ ಹೋಗಿ ಮುಗ್ಗಿದ ಜೋಳ ತಂದಾರು" ಎಂದ. ಅವನಿಗೆ ಈ ಕೆಲಸವೇ ಇಷ್ಟವಿರಲಿಲ್ಲ. ಯಾಕೆಂದು ನಾನು ಆಗ ಕೇಳಲಿಲ್ಲ. ಕಾಯಿಲೆಯವರ ಸಿಡುಕು ಅಂದುಕೊಂಡೆ.

ಮಾರನೆಯ ದಿನ ಬೆಳಿಗ್ಗೆ ಗುಜರಿ ಅಂಗಡಿಗೆ ಹೋದೆವು. ರೈಲು ಹಳಿಯ ಪಕ್ಕದ ಬಯಲು. ತುಕ್ಕು ಹಿಡಿದ ಮಂಚಗಳು, ಬಾಗಿಲು ಕಳಚಿದ ಫ್ರಿಜ್ಜುಗಳು, ಆಸ್ಪತ್ರೆಯ ಕಬ್ಬಿಣದ ಕಪಾಟುಗಳು. ಆ ವಾರವಷ್ಟೇ ಅಪ್ಪ ಕೆಲಸ ಮಾಡಿದ ಕಾರ್ಖಾನೆಯನ್ನು ಕೆಡವಿದ್ದರು. ಅದು ಮುಚ್ಚಿ ಬಹಳ ವರ್ಷವಾಗಿತ್ತು, ಗೋಡೆಗಳು ಮಾತ್ರ ನಿಂತಿದ್ದವು. ಅದರ ಕಬ್ಬಿಣವೆಲ್ಲ ಇಲ್ಲಿಗೇ ಬಂದು ಬಿದ್ದಿತ್ತು.

"ಪೈಪ್ ಬೇಕಾ? ನಿಮ್ಮ ಅದೃಷ್ಟ" ಎಂದ ಗುಜರಿಯವನು. "ಆ ಕಡೆ ಎರಡು ರಾಶಿ ಇದೆ. ದೊಡ್ಡ ರಾಶಿ ಒಂದನೇ, ಎರಡನೇ ಶೆಡ್ಡಿಂದು. ಅದನ್ನ ನಾನೇ ಮುಟ್ಟಬೇಡಿ ಅಂತೀನಿ, ಒಳಗೆ ಹೊಟ್ಟು ಕಟ್ಟಿ ಕಲ್ಲಾಗಿದೆ. ಈ ಚಿಕ್ಕ ರಾಶಿ ಮೂರನೇ ಶೆಡ್ಡಿಂದು. ಇದು ನೋಡಿ, ಹೊಸ ಮದುಮಗ ಇದ್ದ ಹಾಗಿದೆ."

ನಾನು ಚಿಕ್ಕ ರಾಶಿಯ ಕಡೆ ಹೆಜ್ಜೆ ಇಟ್ಟೆ. ಮಾಮ ನಿಂತಲ್ಲೇ ನಿಂತ.

"ಇದು ಬೇಡ ಪುಟ್ಟಿ."

"ಯಾಕೆ ಮಾಮ? ನಮ್ಮ ಅಳತೆಗೆ ಸರಿಯಾಗಿದೆಯಲ್ಲ."

"ಇದು ಧೂಳು ಎಳೆಯಲ್ಲ. ಬೇಡ ಅಂದ್ನಲ್ಲ. ಬೇರೆ ಕಡೆ ನೋಡೋಣ ಬಾ."

ಅವನು ಯಾವತ್ತೂ ನನ್ನ ಮೇಲೆ ದನಿ ಏರಿಸಿದವನಲ್ಲ. ನಾನು ಅವನ ಮುಖ ನೋಡಿದೆ. ಅವನು ಒಂದು ಪೈಪನ್ನು ನೋಡುತ್ತಿದ್ದ. ಅದರ ಅಂಚಿನಲ್ಲಿ ರಿವೆಟ್ಟುಗಳ ಸಾಲು, ಪಕ್ಕದಲ್ಲಿ ಮೊಳೆಯಿಂದ ಗೀಚಿದ ಒಂದು ಚಿಕ್ಕ ಮೀನಿನ ಗುರುತು. ಅದೇ ಮೀನು ಅವನ ಅಂಗಡಿಯ ಬಾಗಿಲಲ್ಲಿದೆ, ನಮ್ಮ ಮನೆಯ ನೀರಿನ ಡಬ್ಬದ ಮೇಲೂ ಇದೆ.

"ನೀನೇ ಮಾಡಿದ್ದಾ?"

ಅವನು ಮುರಿದ ಕುರ್ಚಿಯೊಂದರ ಮೇಲೆ ಕೂತ. ಆಮೇಲೆ ಹೇಳಿದ. ಅಂಗಡಿ ಹಾಕಿದ ಮೊದಲ ವರ್ಷ ಸಿಕ್ಕಿದ ದೊಡ್ಡ ಕೆಲಸ ಅದು. ಅಪ್ಪನೇ ಕೊಡಿಸಿದ್ದು. ಒಂದನೇ ಎರಡನೇ ಶೆಡ್ಡಿನಲ್ಲಿ ಬೇರೆಯವರು ಹಾಕಿದ ಪೈಪಿತ್ತು. ಮೂರನೇ ಶೆಡ್ಡು ಹೊಸದು, ಸ್ಯಾಂಡಿಂಗ್ ಕೆಲಸದ್ದು, ಹಿಟ್ಟಿನಂಥ ನಯವಾದ ಪುಡಿ ಏಳುವ ಜಾಗ. ಅಲ್ಲಿ ಅವನ ಸ್ವಂತ ಅಣ್ಣ ಕೆಲಸಕ್ಕಿದ್ದ. ಉದ್ದಕ್ಕೆ ಇದ್ದುದರಿಂದ ಎಲ್ಲರೂ ಅವನನ್ನು ಉದ್ದಣ್ಣ ಎನ್ನುತ್ತಿದ್ದರು. ಪೈಪು ಹಾಕಿ ಮುಗಿಸಿದ ದಿನ ಮಾಮ ಏಣಿಯ ಮೇಲಿನಿಂದಲೇ ಅಣ್ಣನಿಗೆ, "ಇನ್ನು ನಿನ್ನ ತಲೆ ಮೇಲೆ ನಾನಿದೀನಿ ಕಣೋ" ಎಂದಿದ್ದನಂತೆ.

"ಆರು ತಿಂಗಳಿಗೆ ಅಣ್ಣ ಬಂದು, ನಿನ್ನ ಪೈಪು ಎಳೆಯೋದೇ ಇಲ್ವಲ್ಲೋ, ಮೂಗು ಕಟ್ಟಿದೋರ ಥರ ಇದೆ ಅಂತ ತಮಾಷೆ ಮಾಡಿದ. ನಾನು ಓಡಿದೆ. ನಿಮ್ಮಪ್ಪನ್ನ ಕೇಳ್ದೆ. ತಿರುವುಗಳಲ್ಲಿ ಪುಡಿ ಕಟ್ಟಿಕೊಂಡಿದೆ, ನೀನು ತಿರುವು ಬಹಳ ಇಕ್ಕಟ್ಟು ಮಾಡಿಬಿಟ್ಟಿದೀಯ ಅಂದ್ರು. ನಿಜ, ಇಕ್ಕಟ್ಟಾಗೇ ಇತ್ತು. ತಗಡು ಉಳಿಸೋಕೆ ಹೋಗಿ ಮೂಲೆಯಲ್ಲಿ ನೆಟ್ಟಗೆ ಮಡಚಿದ್ದೆ. ಒಂದು ರಜಾ ದಿನ ಬಿಡಿ, ಕಾಸು ಬೇಡ, ಬಿಚ್ಚಿ ಸರಿ ಮಾಡ್ತೀನಿ ಅಂದೆ. ಕಾರ್ಖಾನೆ ಯಜಮಾನರು ಒಪ್ಪಲ್ಲ ಅಂದ್ರು ನಿಮ್ಮಪ್ಪ. ಮತ್ತೆ ಎರಡು ಸಲ ಕೇಳ್ದೆ. ಆಮೇಲೆ ಕೇಳೋಕೂ ನಾಚಿಕೆ ಆಯ್ತು."

ಉದ್ದಣ್ಣ ಆ ಶೆಡ್ಡಿನಲ್ಲಿ ಆರು ವರ್ಷ ಕೆಲಸ ಮಾಡಿದ. ಕೊನೆಯ ವರ್ಷ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ನಲವತ್ತಾಗುವ ಮುಂಚೆಯೇ ಹೋದ. ಇಷ್ಟು ನನಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು, ಈ ಮನುಷ್ಯ ಅಣ್ಣನ ಸಾವನ್ನು ತನ್ನ ಎರಡು ಕೈಗಳ ತಪ್ಪೆಂದು ಹೊತ್ತುಕೊಂಡು, ಭಾನುವಾರ ಭಾನುವಾರ ನಮ್ಮ ಮನೆಯಲ್ಲಿ ಇಸ್ಪೀಟು ಆಡುತ್ತಿದ್ದ ಎಂಬುದು.

ಗುಜರಿಯವನಿಗೆ ಇದ್ಯಾವುದೂ ಗೊತ್ತಿಲ್ಲ. ಅವನು ವ್ಯಾಪಾರ ಬಿಟ್ಟುಹೋಗುತ್ತದೆ ಅಂದುಕೊಂಡು, ತಿರುವಿನ ತುಂಡೊಂದನ್ನು ಎತ್ತಿ ತಂದು ನಮ್ಮ ಮುಂದೆ ಇಟ್ಟ. "ಎಳೆಯಲ್ಲ ಅಂತ ಯಾಕಂತೀರಿ ಯಜಮಾನ್ರೇ? ಒಳಗೆ ನೋಡಿ ಮಾತಾಡಿ. ಇದರಲ್ಲಿ ಬೇಕಾದ್ರೆ ಹಾಲು ಕಾಯಿಸಿ ಕುಡೀಬೋದು."

ನಾನು ಫೋನಿನ ದೀಪ ಹಾಕಿ ಒಳಗೆ ಬಗ್ಗಿ ನೋಡಿದೆ. ತಗಡು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ನೆಟ್ಟಗೆ ಮಡಚಿದ ಮೂಲೆಯಲ್ಲಿ, ಪುಡಿ ಕಟ್ಟಿ ಗಟ್ಟಿಯಾಗಿರಬೇಕಾದ ಜಾಗದಲ್ಲಿ, ಕುಂಬಾರ ಹುಳು ಕಟ್ಟಿದ ಮಣ್ಣಿನ ಗೂಡುಗಳಿದ್ದವು. ಒಂದರ ಪಕ್ಕ ಒಂದು, ಹಳೆಯವು, ಒಣಗಿ ಬಿರುಕು ಬಿಟ್ಟವು. ಬೆರಳು ತೂರಿಸಿ ಸವರಿದೆ. ತುದಿಗೆ ಬಂದದ್ದು ಬೀದಿಯ ಧೂಳು, ಮರದ ಪುಡಿಯಲ್ಲ. ಆ ವ್ಯತ್ಯಾಸ ನನ್ನ ಬೆರಳಿಗೆ ಗೊತ್ತು.

"ಮಾಮ" ಎಂದೆ. ತುಂಡನ್ನು ಅವನ ಕಡೆ ತಿರುಗಿಸಿದೆ.

ಅವನು ಬಂದು ದೀಪ ಇಸಿದುಕೊಂಡು ನೋಡಿದ. ಇನ್ನೊಂದು ತುಂಡು ಎತ್ತಿದ, ಅದನ್ನೂ ನೋಡಿದ. ಮತ್ತೊಂದು. ರಾಶಿಯಲ್ಲಿದ್ದ ಒಂಬತ್ತೂ ತಿರುವುಗಳನ್ನು ಒಂದೊಂದಾಗಿ ಎತ್ತಿ, ಬೆಳಕು ಬಿಟ್ಟು, ಕೆಳಗಿಟ್ಟ. ಯಾವುದನ್ನೂ ಎಸೆಯಲಿಲ್ಲ. ಹಸುಗೂಸನ್ನು ಮಲಗಿಸುವ ಹಾಗೆ ಇಟ್ಟ.

"ಇದು ಓಡೇ ಇಲ್ಲ" ಎಂದ ಕೊನೆಗೆ. "ಪೈಪು ಕಟ್ಟಿಕೊಂಡಿರಲಿಲ್ಲ. ಯಾರೂ ಇದನ್ನ ಓಡಿಸೇ ಇಲ್ಲ."

ನನ್ನ ಕಡೆ ತಿರುಗದೆ ಕೇಳಿದ. "ಮಿಷನ್ನುಗಳ ಸದ್ದಲ್ಲಿ ಹೊರಗಿನ ಬ್ಲೋಯರ್ ಓಡ್ತಿದೆಯೋ ಇಲ್ವೋ ಒಳಗಿನೋರಿಗೆ ಗೊತ್ತಾಗ್ತಿರಲಿಲ್ಲ. ಮೂರನೇ ಶೆಡ್ಡಿನ ಬ್ಲೋಯರ್ ಸ್ವಿಚ್ಚಿನ ಕೋಣೆಗೆ ಬೀಗ ಇತ್ತು. ಬೀಗದ ಕೈ ಯಾರ ಹತ್ರ ಇರ್ತಿತ್ತು ಅಂತ ನಿನಗೆ ಗೊತ್ತಾ?"

ಗೊತ್ತಿತ್ತು. ಚಿಕ್ಕವಳಿದ್ದಾಗ ಆ ಗೊಂಚಲು ಹಿಡಿದು ಆಡಿದವಳು ನಾನು. ಅಪ್ಪ ಸಂಜೆ ಬಂದು ಅಂಗಿ ಬಿಚ್ಚುವ ಮುಂಚೆ ಅದನ್ನು ಗೋಡೆಯ ಮೊಳೆಗೆ ಹಾಕುತ್ತಿದ್ದ.

ಮಾಮ ನನ್ನ ಉತ್ತರಕ್ಕೆ ಕಾಯಲಿಲ್ಲ. ಎದ್ದು ಬಟ್ಟೆ ಕೊಡವಿಕೊಂಡು, ಗುಜರಿಯವನಿಗೆ "ತೂಕ ಹಾಕಪ್ಪಾ, ಇವಳಿಗೆ ಬೇಕು" ಎಂದು ಹೇಳಿ, ಹಳಿಯ ಪಕ್ಕದ ದಾರಿ ಹಿಡಿದು ಒಬ್ಬನೇ ನಡೆದುಹೋದ.

ಪೈಪುಗಳನ್ನು ಗಾಡಿಗೆ ಹೇರಿಸಿಕೊಂಡು ಮನೆಗೆ ಬಂದೆ. ಅಪ್ಪ ಕಿಟಕಿಯ ಪಕ್ಕ ಕೂತಿದ್ದ. ತಗಡು ಇಳಿಸುವ ಸದ್ದಿಗೆ ಕತ್ತೆತ್ತಿ ನೋಡಿದ. ಒಂದು ಪೈಪಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಮೂರನೇ ಶೆಡ್ಡಿನ ಅಂಕಿ ಇನ್ನೂ ಇತ್ತು. ಅದನ್ನು ನೋಡಿದವನೇ ಮುಖ ಗೋಡೆಯ ಕಡೆ ಮಾಡಿಕೊಂಡ.

ನಾನು ಹೋಗಿ ಮಂಚದ ಮೇಲೆ ಕೂತೆ.

"ಬ್ಲೋಯರ್ ಯಾಕೆ ಓಡಿಸ್ಲಿಲ್ಲ ಅಪ್ಪ?"

ಸುಮ್ಮನೆ ಕೂರುವುದೂ ಅವನಿಗೆ ಈಗ ಶ್ರಮದ ಕೆಲಸ, ಉಸಿರು ಸೀಟಿ ಹೊಡೆಯುತ್ತದೆ.

"ಓಡಿಸ್ತಿದ್ವಿ. ತಪಾಸಣೆಗೆ ಬಂದಾಗ, ಐದು ನಿಮಿಷ."

"ಉಳಿದ ದಿನ?"

"ಆ ಮೋಟರಿಗೆ ಎರಡು ಮಿಷನ್ನಿನಷ್ಟು ಕರೆಂಟು ಬೇಕಿತ್ತು. ಯಜಮಾನ್ರು ನನ್ನ ಕೂರಿಸ್ಕೊಂಡು ಹೇಳಿದ್ರು, ಇದನ್ನ ದಿನಾ ಓಡಿಸೋದಾದ್ರೆ ಇಬ್ಬರನ್ನ ಮನೆಗೆ ಕಳಿಸ್ಬೇಕಾಗುತ್ತೆ, ಯಾರನ್ನ ಅಂತ ನೀನೇ ಬರ್ಕೊಡು ಅಂತ. ನಾನು ಯಾರ ಹೆಸರು ಬರೀಲಿ? ಎಲ್ಲರ ಮನೇಲೂ ಮಕ್ಕಳಿದ್ರು. ಬರೀಲಿಲ್ಲ. ಬೀಗದ ಕೈ ಜೇಬಿಗೆ ಹಾಕ್ಕೊಂಡೆ."

"ಅವರನ್ನ ಕೇಳಿದ್ಯಾ? ಆ ಶೆಡ್ಡಿನೋರನ್ನ?"

"ಕೇಳಿದ್ರೆ ಏನಂತಿದ್ರು? ಕೆಲಸ ಇರ್ಲಿ ಅಂತಿದ್ರು."

"ಅಂತಿದ್ರೋ ಏನೋ. ಅವರೇ ಅನ್ಬೇಕಿತ್ತು."

ಅಪ್ಪ ಹೊದಿಕೆಯ ಅಂಚನ್ನು ಹಿಂಡುತ್ತಿದ್ದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಕಾಯಿಲೆಯ ಮನುಷ್ಯ, ಹೆತ್ತ ಅಪ್ಪ. ಆದರೆ ಬೆಳಿಗ್ಗೆ ಒಂಬತ್ತು ತುಂಡು ತಗಡನ್ನು ಎತ್ತಿ ಎತ್ತಿ ನೋಡಿದ ಆ ಕೈಗಳು ನನ್ನ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ.

"ಅದನ್ನ ಬಿಡು. ಮಾಮನಿಗೆ ಯಾಕೆ ಹಾಗಂದೆ? ತಿರುವು ಇಕ್ಕಟ್ಟು ಅಂತ?"

"ಅವನು ಬ್ಯಾಗ್ ತಗೊಂಡು ಬಂದು ನಿಂತಿದ್ದ. ಏಣಿ ಹಾಕಿ ಈಗ್ಲೇ ಬಿಚ್ತೀನಿ ಅಂತ. ಬಾಯಿಗೆ ಬಂದಿದ್ದು ಹೇಳ್ದೆ. ಆಮೇಲೆ ಸರಿ ಮಾಡೋಣ ಅಂದ್ಕೊಂಡೆ. ಆಮೇಲೆ ಉದ್ದಣ್ಣ ಮಲಗ್ದ. ಆಮೇಲೆ…" ಕೆಮ್ಮು ಬಂತು. ನೀರು ಕೊಟ್ಟೆ. ಕುಡಿದು, ಲೋಟ ಹಿಡಿದುಕೊಂಡೇ ಹೇಳಿದ, "ಒಂದು ಸುಳ್ಳು ಬೇರು ಬಿಟ್ಟ ಮೇಲೆ ಕೀಳೋದು ಹೇಗೆ? ಗೋಡೆನೇ ಬೀಳುತ್ತೆ."

"ಅದಕ್ಕೆ ಪ್ರತಿ ಭಾನುವಾರ ಕರೆದು ಚಹಾ ಕೊಟ್ಯಾ?"

ಅವನು ಲೋಟ ಕೆಳಗಿಟ್ಟ. ನನ್ನ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು. ಅಡುಗೆಮನೆಗೆ ಹೋಗಿ ಏನೂ ಕೆಲಸವಿಲ್ಲದೆ ನಲ್ಲಿ ತಿರುಗಿಸಿ ನಿಂತೆ.

ಆ ಭಾನುವಾರ ಮಾಮ ಬರಲಿಲ್ಲ. ಅಪ್ಪ ಎಲೆಗಳನ್ನು ಕಲಸಿಟ್ಟುಕೊಂಡು ಕಾದ. ಕತ್ತಲಾದಾಗ ಒಳಗಿಟ್ಟ. ಮುಂದಿನ ಭಾನುವಾರ ಎಲೆ ತೆಗೆಯಲೇ ಇಲ್ಲ.

ನಾನೇ ಪೈಪು ಜೋಡಿಸಲು ನೋಡಿದೆ. ಮರವಾದರೆ ನನ್ನ ಮಾತು ಕೇಳುತ್ತದೆ, ತಗಡು ಕೇಳಲಿಲ್ಲ. ಎರಡು ತುಂಡು ಸೇರಿಸುವಷ್ಟರಲ್ಲಿ ಹೆಬ್ಬೆರಳು ಕೊಯ್ದುಕೊಂಡೆ. ಕೆಲಸ ನಿಲ್ಲಿಸುವಂತಿಲ್ಲ, ಮಿಷನ್ ಓಡಿಸಿದರೆ ಗೋಡೆಯಾಚೆ ಕೆಮ್ಮು. ಹನ್ನೊಂದನೆಯ ದಿನ ಮಾಮನ ಅಂಗಡಿಗೆ ಹೋದೆ.

ಅವನು ಸೂರಿನ ದೋಣಿಗೆ ತಗಡು ಬಗ್ಗಿಸುತ್ತಿದ್ದ. ಸುತ್ತಿಗೆ ನಿಲ್ಲಿಸದೆ, "ಕೂತ್ಕೋ" ಎಂದ. ಕೂತೆ. ಬಗ್ಗಿಸಿ ಮುಗಿದ ಮೇಲೆ ಹೇಳಿದ, "ಕೆಲಸ ಒಪ್ಕೊಂಡಿದೀನಿ, ಮಾಡ್ಕೊಡ್ತೀನಿ. ನಿನ್ನ ಮೇಲೆ ನನಗೇನೂ ಇಲ್ಲ. ಆದ್ರೆ ಆ ಮನುಷ್ಯ ನನ್ನ ಎದುರಿಗೆ ಬರಬಾರದು."

"ಆಯ್ತು ಮಾಮ."

"ತಿರುವುಗಳನ್ನ ಹೊಸದಾಗಿ ಮಾಡ್ತೀನಿ. ದೊಡ್ಡ ಸುತ್ತಿನವು. ಹಳೇ ಮಡಿಕೆ ಬೇಡ."

"ಅದರಲ್ಲಿ ತಪ್ಪಿರಲಿಲ್ಲವಲ್ಲ ಮಾಮ."

"ಇತ್ತು" ಎಂದ. "ಸ್ವಲ್ಪ ಇತ್ತು. ಓಡಿಸಿದ್ರೆ ಕಟ್ಕೋತಿತ್ತೋ ಇಲ್ವೋ, ಈಗ ಯಾರಿಗೆ ಗೊತ್ತು?" ಅವನ ದನಿಯಲ್ಲಿ ಬಿಡುಗಡೆಯ ಸುಳಿವೇ ಇರಲಿಲ್ಲ. ಮೂವತ್ತು ವರ್ಷ ಹೊತ್ತ ಮೂಟೆಯನ್ನು ಇಳಿಸು ಅಂದರೆ ಭುಜಕ್ಕೇ ಅಭ್ಯಾಸ ತಪ್ಪುವುದಿಲ್ಲವೇನೋ.

ಅವನು ಬಂದು ನಾಲ್ಕು ದಿನ ಕೆಲಸ ಮಾಡಿದ. ಹಿತ್ತಲ ಬಾಗಿಲಿನಿಂದ ಬರುವುದು, ಹಿತ್ತಲ ಬಾಗಿಲಿನಿಂದ ಹೋಗುವುದು. ಬುತ್ತಿ ತರುತ್ತಿದ್ದ, ನೀರೂ ತರುತ್ತಿದ್ದ. ಗರಗಸದ ಮೇಜಿನಿಂದ ಮೇಲೆದ್ದ ಪೈಪು ಗೋಡೆಯುದ್ದಕ್ಕೂ ಹೋಗಿ, ದೊಡ್ಡ ಸುತ್ತು ತೆಗೆದುಕೊಂಡು ಹೊರಗಿನ ಬ್ಲೋಯರಿಗೆ ಇಳಿಯಿತು. ಪ್ರತಿ ಮಿಷನ್ನಿನ ಹತ್ತಿರ ಜಾರಿಸಿ ಮುಚ್ಚುವ ಒಂದು ತಗಡು ಇಟ್ಟ, ಓಡುತ್ತಿರುವ ಮಿಷನ್ನಿನದು ಮಾತ್ರ ತೆಗೆದರೆ ಎಳೆತ ಪೂರ್ತಿ ಅಲ್ಲಿಗೇ ಸಿಗುತ್ತದೆ ಎಂದು ತೋರಿಸಿಕೊಟ್ಟ. ಕೆಲಸದ ಮಾತು ಬಿಟ್ಟರೆ ಬೇರೆ ಮಾತಿಲ್ಲ.

ನಾಲ್ಕನೆಯ ದಿನ ಅವನು ಏಣಿಯ ಮೇಲಿದ್ದಾಗ ಅಪ್ಪ ಬಂದ. ಕೋಲೂರಿಕೊಂಡು, ಗೋಡೆ ಹಿಡಿದುಕೊಂಡು, ಕೋಣೆಯಿಂದ ಶೆಡ್ಡಿನವರೆಗಿನ ಹದಿನೈದು ಹೆಜ್ಜೆ ನಡೆಯಲು ಎಷ್ಟು ಹೊತ್ತಾಯಿತೋ. ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ನಾನು ಮಾಮನ ಏಣಿ ಹಿಡಿದುಕೊಂಡಿದ್ದೆ, ಬಿಟ್ಟು ಹೋಗಲಿಲ್ಲ.

"ತಪ್ಪು ನಿನ್ನ ತಿರುವಿಂದಲ್ಲ ಕಣೋ" ಎಂದ ಅಪ್ಪ.

ಮಾಮ ತಿರುಗಲಿಲ್ಲ. ರಿವೆಟ್ ಹೊಡೆದು ಮುಗಿಸಿದ. ಆಮೇಲೆ ನಿಧಾನವಾಗಿ ಇಳಿದ. ಜೀವಮಾನವಿಡೀ ಅಪ್ಪನನ್ನು ಬಹುವಚನದಲ್ಲಿ ಮಾತಾಡಿಸಿದವನು ಅವತ್ತು ಏಕವಚನಕ್ಕೆ ಇಳಿದ.

"ನನಗ್ಯಾಕೆ ಹೇಳ್ತೀಯ? ನನಗೆ ಗೊತ್ತಾಯ್ತಲ್ಲ. ನಮ್ಮತ್ತಿಗೆ ಇದಾಳೆ. ಅಣ್ಣ ಹೋದ ದಿನ, ನಿನ್ನ ಕೈ ಮುರಿದು ಹೋಗ್ಲಿ ಅಂದ್ಳು ನನಗೆ. ಆವತ್ತಿಂದ ನನ್ನ ಮನೆ ಹೊಸಿಲು ತುಳಿದಿಲ್ಲ. ಅವಳ ಮಗಳ ಮದುವೆಗೆ ನನ್ನ ಕರೀಲಿಲ್ಲ. ಚಿಕ್ಕಪ್ಪ ಬದುಕಿರೋವಾಗ್ಲೇ ಹುಡುಗಿ ಚಿಕ್ಕಪ್ಪ ಇಲ್ದೆ ಮದುವೆ ಆಯ್ತು. ಹೋಗಿ ಅವಳಿಗೆ ಹೇಳು."

"ಹೇಳ್ತೀನಿ."

"ನಡಿಯೋಕಾಗಲ್ಲ ನಿನಗೆ."

"ಹೊತ್ಕೊಂಡು ಹೋಗ್ತಾಳೆ ಇವಳು" ಎಂದು ಅಪ್ಪ ನನ್ನ ಕಡೆ ನೋಡಿದ. ತಮಾಷೆಗೆ ಹೇಳಿದ್ದೋ ಏನೋ. ಯಾರೂ ನಗಲಿಲ್ಲ.

ಎರಡು ದಿನ ಬಿಟ್ಟು ಆಟೋದಲ್ಲಿ ಅವನನ್ನು ಕರೆದುಕೊಂಡು ಹೋದೆ. ಮಾಮನ ಅತ್ತಿಗೆ ಬಟ್ಟೆ ಹೊಲಿಯುತ್ತಾಳೆ. ಮಹಡಿಯ ಮೇಲೆ ಒಂದೇ ಕೋಣೆ, ಹದಿನೆಂಟು ಮೆಟ್ಟಿಲು. ಅಪ್ಪ ಐದೈದು ಮೆಟ್ಟಿಲಿಗೊಮ್ಮೆ ಕೂತು ಎದ್ದ. ನಾವು ಮೇಲೆ ಹೋಗುವಷ್ಟರಲ್ಲಿ ಸದ್ದು ಕೇಳಿ ಅವಳೇ ಬಾಗಿಲು ತೆರೆದಿದ್ದಳು. ತೆಳ್ಳನೆಯ ಹೆಂಗಸು, ಕುತ್ತಿಗೆಗೆ ಅಳತೆಯ ಪಟ್ಟಿ ಜೋತುಬಿದ್ದಿತ್ತು. ಅಪ್ಪನನ್ನು ಗುರುತಿಸಿ, "ಫೋರ್‌ಮನ್ನರಾ? ಬನ್ನಿ" ಎಂದು ಸ್ಟೂಲು ಎಳೆದಳು. ಮಾಮ ನಮಗಿಂತ ಮೊದಲೇ ಬಂದು ಕೆಳಗಿನ ಬೀದಿಯಲ್ಲಿ ನಿಂತಿದ್ದ. ಮೇಲೆ ಬರಲಿಲ್ಲ.

ಅಪ್ಪ ಹೇಳಿದ. ಸುತ್ತಿ ಬಳಸಿ ಹೇಳಲು ಉಸಿರಿರಲಿಲ್ಲ, ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಬೀಗ, ಬೀಗದ ಕೈ, ಯಜಮಾನರ ಮಾತು, ತಾನು ಆಡಿದ ಸುಳ್ಳು. "ನಿನ್ನ ಮೈದುನನದು ಏನೂ ತಪ್ಪಿಲ್ಲಮ್ಮ" ಎಂದು ಮುಗಿಸಿದ.

ಅವಳು ಹೊಲಿಗೆ ಮಿಷನ್ನಿನಲ್ಲಿ ಅರ್ಧಕ್ಕೆ ನಿಂತಿದ್ದ ತೋಳೊಂದನ್ನು ನೋಡುತ್ತ ಕೇಳಿದಳು. ಕಣ್ಣಲ್ಲಿ ನೀರು ಬರಲಿಲ್ಲ.

"ಆ ಇಬ್ಬರಲ್ಲಿ ನಮ್ಮವರ ಹೆಸರಿತ್ತಾ?" ಎಂದು ಕೇಳಿದಳು.

"ಯಾವ ಇಬ್ಬರಲ್ಲಿ?"

"ಕೆಲಸದಿಂದ ತೆಗೀಬೇಕು ಅಂತ ಇದ್ದೋರು."

"ನಾನು ಹೆಸರು ಬರೀಲೇ ಇಲ್ಲಮ್ಮ."

"ಬರೆದಿದ್ರೆ?"

ಅಪ್ಪ ಯೋಚಿಸಿದ. ಸುಳ್ಳು ಹೇಳಬಹುದಿತ್ತು. ಅವಳಿಗೆ ಒಂದಿಷ್ಟು ಸಮಾಧಾನವಾಗುವಂಥದ್ದು ಏನಾದರೂ ಹೇಳಬಹುದಿತ್ತು.

"ಇಲ್ಲ. ಅವನು ಒಳ್ಳೆ ಕೆಲಸಗಾರ. ಅವನನ್ನ ತೆಗೀತಿರಲಿಲ್ಲ."

"ಹಾಗಾದ್ರೆ ಬೇರೆಯೋರ ಕೆಲಸಕ್ಕೋಸ್ಕರ ಹೋದ್ರು" ಎಂದಳು. ಕೇಳಿದ ಹಾಗಿರಲಿಲ್ಲ, ಬರೆದಿಟ್ಟುಕೊಂಡ ಹಾಗಿತ್ತು. "ಹೇಳೋದು ಹೇಳಿದ್ರಲ್ಲ. ಹೊರಡಿ. ನಾಳೆಗೆ ಕೊಡೋ ಬಟ್ಟೆ ಇದೆ ನನಗೆ."

"ಮಾಮ ಕೆಳಗೆ ನಿಂತಿದಾನೆ" ಎಂದೆ ನಾನು. "ಒಂದು ಮಾತು…"

ಅವಳು ಕಿಟಕಿಗೆ ಹೋಗಿ ಬಗ್ಗಿ ನೋಡಿದಳು. ಬೀದಿಯ ಆಚೆ ಬದಿಯಲ್ಲಿ ಮಾಮ ಕತ್ತೆತ್ತಿ ನಿಂತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಎಷ್ಟೋ ಹೊತ್ತು ನೋಡಿದರು. ಅವಳು ಕರೆಯುತ್ತಾಳೆ ಎಂದೇ ನಾನು ಕಾದೆ.

"ಬಹಳ ವಯಸ್ಸಾಗಿದೆ ಅವನಿಗೆ" ಎಂದಳು. "ಇಷ್ಟು ವರ್ಷ ಬೈದಿದೀನಿ ಅವನನ್ನ. ದಿನಾ. ಈಗ ಯಾವ ಮುಖ ಇಟ್ಕೊಂಡು ಬಾ ಅನ್ಲಿ?" ಎಂದು ಕಿಟಕಿಯಿಂದ ಈಚೆ ಬಂದು ಮಿಷನ್ನಿನ ಮುಂದೆ ಕೂತಳು. ನಾವು ಮೂರನೆಯ ಮೆಟ್ಟಿಲು ಇಳಿಯುವಾಗಲೇ ಹೊಲಿಗೆಯ ಸದ್ದು ಶುರುವಾಗಿತ್ತು.

ಕೆಳಗೆ ಬಂದಾಗ ಮಾಮ ಇರಲಿಲ್ಲ.

ಅಪ್ಪ ಆಟೋ ಹತ್ತುವ ಮುಂಚೆ ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮೇಲೆ ಕೂತ. ತುಟಿ ನೀಲಿಯಾಗಿತ್ತು. ಬೆನ್ನು ನೀವಿದೆ. ಅಂಗಿಯೊಳಗೆ ಬರೀ ಎಲುಬು. "ಹೇಳಿದ ಮೇಲೆ ಹಗುರ ಆಗುತ್ತೆ ಅಂತಾರೆ" ಎಂದ. ಮತ್ತೆ ಒಂದು ಉಸಿರು ಎಳೆದುಕೊಂಡು, "ಸುಳ್ಳು ಅದು" ಎಂದ.

ಬ್ಲೋಯರ್ ಚೆನ್ನಾಗಿ ಎಳೆಯುತ್ತದೆ. ಸ್ಯಾಂಡಿಂಗ್ ಮಿಷನ್ನಿನ ಮೇಲೆ ಒಂದು ದಿನ ಪೂರ್ತಿ ಕೆಲಸ ಮಾಡಿದರೂ ಈಗ ಮೇಜಿನ ಮೇಲೆ ಬೆರಳಿನಿಂದ ಬರೆಯುವಷ್ಟು ಪುಡಿ ಕೂರುವುದಿಲ್ಲ. ಅಪ್ಪನ ಕೆಮ್ಮು ಸ್ವಲ್ಪ ಇಳಿಯಿತು, ಆದರೆ ಒಳಗೆ ಹಾಳಾದದ್ದು ಹಾಳಾಗಿಯೇ ಇತ್ತು. ಡಾಕ್ಟರು ಅದನ್ನು ಮೊದಲೇ ಹೇಳಿದ್ದರು. ಬ್ಲೋಯರ್ ಶುರು ಮಾಡಿದಾಗಲೆಲ್ಲ ಅವನು ಮಗ್ಗುಲು ಬದಲಿಸುತ್ತಿದ್ದ ಎಂದು ನನಗೆ ಗೋಡೆಯ ಈಚೆಯಿಂದಲೇ ಮಂಚದ ಕಿರುಗುಟ್ಟುವಿಕೆಯಿಂದ ತಿಳಿಯುತ್ತಿತ್ತು. ಸದ್ದು ಜಾಸ್ತಿಯಾದರೆ ಆರಿಸಲಾ ಎಂದು ಒಮ್ಮೆ ಕೇಳಿದೆ. "ಬೇಡ. ಓಡ್ಲಿ" ಎಂದ.

ಐದು ತಿಂಗಳ ಮೇಲೆ, ಒಂದು ಮಧ್ಯಾಹ್ನ, ಅಪ್ಪ ಊಟದ ತಟ್ಟೆ ಮುಂದಿಟ್ಟುಕೊಂಡೇ ಹೋದ.

ಮಾಮನಿಗೆ ಹೇಳಿ ಕಳಿಸಿದೆ. ಅವನು ಬರಲಿಲ್ಲ. ಎಲ್ಲ ಮುಗಿದ ಮೇಲೆ ಒಂದು ದಿನ ನಾನೇ ಅವನ ಅಂಗಡಿಯ ಮುಂದೆ ಹೋದೆ. ಒಂದು ಸ್ಕ್ರೂ ಡಬ್ಬಕ್ಕೆ ಮುಚ್ಚಳ ಬೇಕಿತ್ತು, ಅಥವಾ ಹಾಗೆಂದು ನೆಪ ಮಾಡಿಕೊಂಡಿದ್ದೆ. ಅವನು ಅಳತೆ ತೆಗೆದುಕೊಂಡು, ಕತ್ತರಿಸಿ, ಅಂಚು ಮಡಚಿ ಕೊಟ್ಟ. ಅತ್ತಿಗೆ ಏನಾದರೂ ಹೇಳಿ ಕಳಿಸಿದ್ದಾಳಾ ಎಂದು ಕೇಳಿದೆ. ಇಲ್ಲ ಎಂದು ತಲೆ ಅಲ್ಲಾಡಿಸಿದ.

"ಅವತ್ತು ಬರಬೇಕು ಅಂತ ಅಂಗಿ ಹಾಕ್ಕೊಂಡೆ ಪುಟ್ಟಿ" ಎಂದ, ನಾನು ಹೊರಡುವಾಗ. "ನಿಮ್ಮ ಬೀದಿ ಮೂಲೆವರೆಗೂ ಬಂದೆ. ಅಲ್ಲಿಂದ ಕಾಲು ಮುಂದೆ ಹೋಗ್ಲಿಲ್ಲ."

"ಭಾನುವಾರ ಮನೆಗೆ ಬಾ ಮಾಮ. ಚಹಾ ಮಾಡ್ತೀನಿ" ಎಂದೆ.

"ನೋಡೋಣ" ಎಂದು ಸುತ್ತಿಗೆ ಎತ್ತಿಕೊಂಡ. ಮುಂದಿನ ಗಿರಾಕಿ ಆಗಲೇ ತೂತು ಬಿದ್ದ ಬಕೆಟ್ಟು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ.